ಮೂರಿಂಚಿನ ಚೀಲ: ಹಳೇ ಸೀರೆಯಲ್ಲಿ ಗರ್ಭಕೋಶ ಹೊಲಿದ ಬಗೆ

ಗರ್ಭಚೀಲ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದರೆ ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಅದು ತುಂಬು ಬಸುರಿಯ ಹೊಟ್ಟೆಯ ಅಳತೆ. ಬಸಿರಿಲ್ಲದಾಗ ಗರ್ಭಕೋಶ ಉದ್ದಕ್ಕೆ 3 ಇಂಚು, ಅಗಲಕ್ಕೆ 2 ಇಂಚು, ದಪ್ಪಕ್ಕೆ 1 ಇಂಚು. ತೂಕ 60 ಗ್ರಾಂ ಆಸುಪಾಸು. ಮುಷ್ಟಿಯಲ್ಲಿ ಅಡಗುವಂಥದ್ದು. ಆಸ್ಪತ್ರೆ ಗೋಡೆಯ ಚಾರ್ಟು ಈ ತಪ್ಪನ್ನು ತಿದ್ದುವುದಿಲ್ಲ, ಹೆಚ್ಚಿಸುತ್ತದೆ. ಅಲ್ಲಿ ಅದು ಮೊಳದಗಲ, ಕಡುಗೆಂಪು, ಕೊಂಬು ಚಾಚಿದ ಯಾವುದೋ ಪ್ರಾಣಿಯ ತಲೆಯ ಹಾಗೆ ಕಾಣುತ್ತದೆ. ನೋಡಿದವರು ಸೆರಗು ಬಾಯಿಗಿಟ್ಟು ಮುಖ ತಿರುಗಿಸುತ್ತಾರೆ. ಕೈಗೆ ಸಿಗುವ, ಬಿಚ್ಚಿ ಮುಚ್ಚಬಹುದಾದ, ನಿಜವಾದ ಅಳತೆಯ ಬಟ್ಟೆಯ ಮಾದರಿಯೊಂದನ್ನು ಹೊಲಿಯಲು ಕೂತದ್ದು ಇದಕ್ಕೇ.

ಅಳತೆಯ ವಿಷಯ ಬರೀ ಹಟವಲ್ಲ. "ಮಕ್ಕಳಾದ ಮ್ಯಾಲೆ ಆ ಚೀಲದ್ದೇನು ಕೆಲಸ? ತಗಸಿಬಿಡ್ರಿ, ಇಲ್ಲಂದ್ರ ಕ್ಯಾನ್ಸರ್ ಆಗ್ತದ" ಎಂಬ ಮಾತನ್ನು ನಂಬಿ ಆಪರೇಷನ್ ಟೇಬಲ್ ಹತ್ತಿದವರು ಬಹಳ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಹೀಗೆ ಬೇಡದ ಆಪರೇಷನ್ ನಡೆದ ಸುದ್ದಿ 2015ರಲ್ಲಿ ದೊಡ್ಡದಾಗಿ ಹೊರಬಿತ್ತು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಇಂಥದ್ದನ್ನು ತಡೆಯುವ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಆದರೆ ಒಳಗೆ ಏನಿದೆ, ಎಲ್ಲಿದೆ, ಯಾವುದನ್ನು ತೆಗೆಯುತ್ತಾರೆ, ಯಾವುದು ಉಳಿಯುತ್ತದೆ ಎಂಬುದೇ ಗೊತ್ತಿಲ್ಲದವರು ಡಾಕ್ಟರಿಗೆ ಎದುರು ಪ್ರಶ್ನೆ ಹಾಕುವುದಾದರೂ ಹೇಗೆ?

ಬಟ್ಟೆ ಆರಿಸುವಾಗ ಹೊಸದನ್ನು ಬಿಟ್ಟು ಹಳೇ ಕಾಟನ್ ಸೀರೆ ಹಿಡಿದೆವು. ಹತ್ತಾರು ಸಲ ಒಗೆದದ್ದು ಮೆತ್ತಗಿರುತ್ತದೆ, ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ. ಇನ್ನೊಂದು ಕಾರಣವೂ ಉಂಟು. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ ಹೋಗುವುದು ಎರಡು ಕಡೆಗೆ: ಒಂದಿಷ್ಟು ಕೌದಿಗೆ, ಅಂದರೆ ಹಳೇ ಬಟ್ಟೆ ಪದರ ಹಾಕಿ ಹೊಲಿದ ಹೊದಿಕೆಗೆ, ಒಂದಿಷ್ಟು ಮುಟ್ಟಿನ ಬಟ್ಟೆಗೆ. ಕೌದಿಯನ್ನು ಬಿಸಿಲಿಗೆ ಹರವುತ್ತಾರೆ, ಮುಟ್ಟಿನ ಬಟ್ಟೆಯನ್ನು ಇನ್ನೊಂದು ಬಟ್ಟೆಯಡಿ ಮುಚ್ಚಿ ಒಣಗಿಸುತ್ತಾರೆ. ಸೀರೆ ಒಂದೇ! ಮಾದರಿಯನ್ನು ಕೌದಿಯ ಮೇಲೇ ಕೂರಿಸಿದರೆ ಮಾತು ತಾನಾಗಿ ಅಲ್ಲಿಗೆ ಬರುತ್ತದೆ, ಭಾಷಣ ಬೇಕಾಗುವುದಿಲ್ಲ.

ಮೊದಲ ಮಾದರಿ ಕೆಟ್ಟದ್ದು "ಚೀಲ" ಎಂಬ ಮಾತಿನಿಂದಲೇ. ಚೀಲವೆಂದರೆ ಖಾಲಿ, ಹೊಟ್ಟೆ ಉಬ್ಬಿದ್ದು ಎಂದುಕೊಂಡು ಜಿಪ್ ಹಾಕಿದ ಪರ್ಸಿನಂತೆ ಹೊಲಿದಾಯಿತು. ಅದು ತಪ್ಪು. ಗರ್ಭಕೋಶದ ಗೋಡೆ ದಪ್ಪನೆಯ ಸ್ನಾಯು. ಮುಂದಿನ ಗೋಡೆ, ಹಿಂದಿನ ಗೋಡೆ ಎರಡೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ನಡುವಿನ ಜಾಗ ತಲೆಕೆಳಗಾದ ತ್ರಿಕೋನದ ಒಂದು ಸೀಳು, ಅಷ್ಟೇ. ಖಾಲಿ ಚೀಲ ತೋರಿಸಿದರೆ "ತಿಂಗಳಿಡೀ ಕೆಟ್ಟ ರಕ್ತ ಇದರಾಗ ತುಂಬ್ಕೋತದ" ಎಂಬ ಹಳೇ ನಂಬಿಕೆಗೆ ನಾವೇ ಸಾಕ್ಷಿ ಒದಗಿಸಿದಂತೆ. ಹಾಗಾಗಿ ಎರಡು ಮೆತ್ತನೆಯ ಹೋಳು ಹೊಲಿದು, ಪುಸ್ತಕದ ಹಾಗೆ ಒಂದು ಬದಿಯಲ್ಲಿ ಸೇರಿಸಿ, ಇನ್ನೊಂದು ಬದಿಗೆ ಮೂರು ಟಿಚ್ ಬಟನ್ ಹಾಕುವುದೇ ಸರಿ.

ಇಲ್ಲಿ ಅಳತೆಯ ಲೆಕ್ಕ ಸ್ವಲ್ಪ ಸೂಕ್ಷ್ಮ. ಅಗಲ 2 ಇಂಚು ಬೇಕೆಂದು ಬಟ್ಟೆಯನ್ನೂ 2 ಇಂಚಿಗೆ ಕತ್ತರಿಸಿದರೆ, ತುಂಬಿ ದಪ್ಪವಾದ ಮೇಲೆ ಒಂದೂವರೆ ಇಂಚಿಗೆ ಇಳಿಯುತ್ತದೆ. ಉಬ್ಬಿದ ಬೆನ್ನು ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಪ್ರತಿ ಹೋಳಿಗೆ ಹೊರಬಟ್ಟೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಒಳಬಟ್ಟೆ 2 ಇಂಚು ಅಗಲ, 3 ಇಂಚು ಉದ್ದ. ಇವೆರಡಕ್ಕೂ ಸುತ್ತ ಕಾಲಿಂಚು ಮಾರ್ಜಿನ್ ಬೇರೆ. ಹೊರಬಟ್ಟೆ ದೊಡ್ಡದು, ಒಳಬಟ್ಟೆ ಚಿಕ್ಕದು ಆದ್ದರಿಂದ ಹೊರಗಿನದನ್ನು ಅಂಚಿನಲ್ಲಿ ಸಣ್ಣಗೆ ನೆರಿಗೆ ಹಿಡಿದು ಸೇರಿಸಬೇಕು, ಬ್ಲೌಸಿನ ತೋಳಿಗೆ ಹೆಗಲ ಬಳಿ ಹಿಡಿಯುವಂತೆ. ಮಶೀನಿನಲ್ಲಿ ಇಷ್ಟು ಚಿಕ್ಕ ತಿರುವು ಕೂರುವುದಿಲ್ಲ, ಕೈಹೊಲಿಗೆಯೇ ಆಗಬೇಕು. ಆಕಾರ ಮೇಲೆ ಅಗಲ, ಕೆಳಗೆ ಸಪೂರ. ಕೆಳಗಿನ 1 ಇಂಚು ಗರ್ಭಕೊರಳು. ಅದೂ ಆ 3 ಇಂಚಿನ ಒಳಗೇ ಬರುತ್ತದೆ. ಕೊರಳನ್ನು ಬೇರೆಯಾಗಿ ಸೇರಿಸಿ ಒಟ್ಟು 4 ಇಂಚು ಮಾಡಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಹೆತ್ತವರ ಗರ್ಭಕೋಶ ತುಸು ದೊಡ್ಡದೇ, ಆದರೂ ಇಂಚಿಗಿಂತ ಕಡಿಮೆ ವ್ಯತ್ಯಾಸ.

ತುಂಬುವುದಕ್ಕೆ ಸೀರೆಯ ಚಿಂದಿ ಸಾಕು, ಆದರೆ ತೂಕ ಬರುವುದಿಲ್ಲ. ಬರೀ ಬಟ್ಟೆ ತುಂಬಿದ್ದು 20 ಗ್ರಾಂ ದಾಟದೆ ಆಟದ ಸಾಮಾನಿನಂತೆ ಅನಿಸಿತು. ಕೈಗೆ ಕೊಟ್ಟಾಗ ಆ ಭಾರವೇ ಅರ್ಧ ಕೆಲಸ ಮಾಡುತ್ತದೆ, ಅದನ್ನು ಬಿಡುವ ಹಾಗಿಲ್ಲ. ಜೋಳ ತುಂಬಿದರೆ ನುಸಿ ಹಿಡಿಯುತ್ತದೆ. ಗೋಲಿ ಹಾಕಿದರೆ ಒತ್ತಿದವರು "ಇದರಾಗ ಗಡ್ಡೆ ಐತಲ್ರಿ" ಎನ್ನುತ್ತಾರೆ. ಕಬ್ಬಿಣದ ವಾಷರ್ ಒಗೆದ ಮೇಲೆ ತುಕ್ಕು ಬಿಡುತ್ತದೆ. ಅದರ ಕಲೆ ನೋಡಲು ಮುಟ್ಟಿನ ಕಲೆಯ ಹಾಗೇ ಇರುವುದರಿಂದ ನಗೆಗೆ ಕಾರಣವಾಗುತ್ತದೆ. ಕೊನೆಗೆ ನಿಂತದ್ದು ತೊಳೆದು ಒಣಗಿಸಿದ ಹೊಳೆ ಮರಳು: ಒಂದೊಂದು ಹೋಳಿಗೆ 20 ಗ್ರಾಂ, ದಪ್ಪ ಬಟ್ಟೆಯ ಎರಡು ಪದರದ ಪೊಟ್ಟಣದಲ್ಲಿ, ಸುತ್ತ ಚಿಂದಿ. ಸೀರೆ ಬಟ್ಟೆಯ ಒಂದೇ ಪದರವಾದರೆ ಮರಳು ಸೋರಿ ವಾರದಲ್ಲಿ ಬೆನ್ನು ಚಪ್ಪಟೆಯಾಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಯೇ ಬಾಯಿ ಹೊಲಿಯಬೇಕು. ಪೊಟ್ಟಣ ಹೊರತೆಗೆಯಲು ಮೇಲ್ತುದಿಯಲ್ಲಿ ಒಂದಿಂಚು ಕಚ್ಚಾ ಹೊಲಿಗೆ ಇರಲಿ.

ಒಳಪದರಕ್ಕೆ ಹೆಸರು ಹುಡುಕುವುದೇ ಬೇಕಾಗಲಿಲ್ಲ. ಬ್ಲೌಸ್ ಹೊಲಿಸುವವರಿಗೆಲ್ಲ "ಲೈನಿಂಗ್" ಗೊತ್ತು. ಗರ್ಭಕೋಶದ ಲೈನಿಂಗಿನಲ್ಲಿ ಎರಡು ಭಾಗ: ಬುಡದ್ದು ಯಾವಾಗಲೂ ಉಳಿಯುತ್ತದೆ, ಮೇಲಿನದು ತಿಂಗಳು ತಿಂಗಳು ಬೆಳೆದು ಕಳಚುತ್ತದೆ. ಬುಡದ್ದನ್ನು ತಿಳಿಗುಲಾಬಿ ವಾಯಿಲ್ ಬಟ್ಟೆಯಲ್ಲಿ ತ್ರಿಕೋನವಾಗಿ ಹೊಲಿದುಬಿಡಬೇಕು. ಮೇಲಿನದಕ್ಕೆ ಮೂರು ಬಿಡಿ ತುಂಡು: ಆ ತಿಂಗಳ ಮುಟ್ಟು ಮುಗಿದ ಕೂಡಲಿನ ದಿನಗಳಿಗೆ ಒಂದೆರಡು ಪದರದ ತೆಳು ವಾಯಿಲ್, ತಿಂಗಳ ನಡುವಿಗೆ ಫ್ಲಾನೆಲ್, ಮುಟ್ಟಿನ ಮುಂಚಿನ ದಿನಗಳಿಗೆ ಮೆತ್ತಗೆ ಉಬ್ಬಿದ ವೆಲ್ವೆಟ್. ನಿಜದಲ್ಲಿ ಈ ದಪ್ಪ ಎರಡು ಮೂರು ಮಿಲಿಮೀಟರಿನಿಂದ ಹಿಡಿದು 15 ಮಿಲಿಮೀಟರಿನ ತನಕ ಏರಬಹುದು. ಸ್ಕ್ಯಾನಿಂಗ್ ಚೀಟಿಯಲ್ಲಿ ಬರೆಯುವ "ಒಳಪದರ ಇಷ್ಟು ಮಿ.ಮೀ." ಎಂಬುದು ಇದೇ. ಅದನ್ನು ತಿಂಗಳ ಯಾವ ದಿನ ಅಳೆದರು ಎಂದು ಕೇಳದೆ ಸಂಖ್ಯೆ ನೋಡಿ ಗಾಬರಿಯಾಗಬಾರದು. ಆದರೆ ಮುಟ್ಟು ಪೂರ್ತಿ ನಿಂತವರಲ್ಲಿ ಆ ಪದರ ತೆಳ್ಳಗೇ ಇರಬೇಕು. ಬಿಡಿ ತುಂಡುಗಳಿಗೆ ವೆಲ್ಕ್ರೋ ಹಾಕಿದ್ದು ಸೋತಿತು. ಅದರ ಮುಳ್ಳು ಸೀರೆಯ ಎಳೆ ಕೀಳುತ್ತದೆ, ನಾಲ್ಕು ಸಲ ಕಿತ್ತು ಅಂಟಿಸಿದರೆ ವಾಯಿಲ್ ಜೂಲಾಗುತ್ತದೆ. ಚಿಕ್ಕ ಟಿಚ್ ಬಟನ್ ವಾಸಿ.

ಗರ್ಭಕೋಶದ ಎರಡೂ ಬದಿಯ ನಳಿಕೆಗಳಿಗೆ ಪೈಪಿಂಗ್ ದಾರ, ಒಂದೊಂದು 4 ಇಂಚು. ತುದಿಗೆ ಸೀರೆ ಸೆರಗಿನ ಕುಚ್ಚು, ಏಕೆಂದರೆ ನಳಿಕೆಯ ತುದಿ ಕುಚ್ಚಿನಂತೆಯೇ ಬಿಡಿ ಬಿಡಿ ಎಳೆಯಾಗಿರುತ್ತದೆ. ಅಂಡಾಶಯ ಬಾದಾಮಿ ಗಾತ್ರ, ಸುಲಿದ ಅಡಕೆಗಿಂತ ತುಸು ಉದ್ದ. ಕುಚ್ಚನ್ನು ಅಂಡಾಶಯಕ್ಕೆ ಹೊಲಿದುಬಿಡುವವರೇ ಬಹಳ, ಹಾಗೆ ಮಾಡಬಾರದು. ನಿಜದಲ್ಲಿ ಅವು ಪೈಪಿನಂತೆ ಜೋಡಣೆಯಾಗಿಲ್ಲ, ಕುಚ್ಚು ಪಕ್ಕದಲ್ಲಿ ಓಲಾಡಿಕೊಂಡಿದ್ದು ಬಿಡುಗಡೆಯಾದ ಅಂಡವನ್ನು ಎತ್ತಿಕೊಳ್ಳುತ್ತದೆ. ಅಂಡಾಶಯವನ್ನು ಗರ್ಭಕೋಶಕ್ಕೆ ಬೇರೊಂದು ದಾರದಿಂದ, ಟಿಚ್ ಬಟನ್ ಇಟ್ಟು ಸೇರಿಸಬೇಕು. ಆ ಬಟನ್ ಇಡೀ ಮಾದರಿಯಲ್ಲೇ ಹೆಚ್ಚು ಕೆಲಸಕ್ಕೆ ಬರುವ ಭಾಗ. "ಚೀಲ ತೆಗೀತಾರ" ಎಂದರೆ ಏನೇನು ಎಂದು ತೋರಿಸುವುದು ಅಲ್ಲೇ: ಗರ್ಭಕೋಶವೊಂದನ್ನೇ ಕಳಚಿದರೆ ಅಂಡಾಶಯ ಕೌದಿಯಲ್ಲಿ ಉಳಿಯುತ್ತವೆ, ಅವನ್ನೂ ಕಳಚಿದರೆ ಹಾರ್ಮೋನು ಥಟ್ಟನೆ ನಿಲ್ಲುತ್ತದೆ. ಮೂವತ್ತೈದರ ಹೆಂಗಸಿಗೆ ಮೈ ಕಾಯುವುದು, ನಿದ್ದೆ ಕೆಡುವುದು, ಮೂಳೆ ಸವೆಯುವುದು ಹತ್ತು ವರ್ಷಕ್ಕೂ ಹೆಚ್ಚು ಮೊದಲೇ ಶುರು. "ಅಂಡಾಶಯ ಉಳಿಸ್ತೀರೋ, ತೆಗೀತೀರೋ, ಯಾಕೆ?" ಈ ಪ್ರಶ್ನೆಯೊಂದನ್ನು ಬಾಯಿಪಾಠ ಮಾಡಿಸಿದರೂ ನಷ್ಟವಿಲ್ಲ.

ಕೊರಳಿನ ತುದಿಗೆ, ಕೆಳಗಿನಿಂದ ನೋಡಿದರೆ ಕಾಣುವ ಭಾಗಕ್ಕೆ, ಒಂದಿಂಚು ಅಗಲದ ಎರಡು ಬಿಲ್ಲೆ. ಹೆರಿಗೆಯಾಗದವರ ಬಾಯಿ ದುಂಡನೆಯ ಚುಕ್ಕೆ, ಸಹಜ ಹೆರಿಗೆಯಾದವರದ್ದು ಅಡ್ಡ ಸೀಳು. ಟೈಲರ ಮಾತಿನಲ್ಲಿ ಒಂದು ಐಲೆಟ್, ಇನ್ನೊಂದು ಕಾಜಾ. ಮೂರನೆಯ ಬಿಲ್ಲೆಯೊಂದನ್ನು ಬಿಳಿ ತೇಪೆ ಹಾಕಿ ಇಟ್ಟುಕೊಂಡರೆ ಕೊರಳಿನ ಕ್ಯಾನ್ಸರ್ ತಪಾಸಣೆ ವಿವರಿಸಲು ಅನುಕೂಲ. 3ರಿಂದ 5 ಪರ್ಸೆಂಟಿನ ಅಸಿಟಿಕ್ ಆಮ್ಲ, ಅಂದರೆ ವಿನಿಗರಿನ ಸತ್ವ, ಹಚ್ಚಿ ಒಂದು ನಿಮಿಷ ಕಾದರೆ ಸಂಶಯದ ಜಾಗ ಬೆಳ್ಳಗಾಗುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಇದು 30ರಿಂದ 65 ವರ್ಷದವರಿಗೆ, ಐದು ವರ್ಷಕ್ಕೊಮ್ಮೆ. ಬೆಳ್ಳಗಾದದ್ದೆಲ್ಲ ಕ್ಯಾನ್ಸರ್ ಅಲ್ಲ ಎಂದು ಅದೇ ಉಸಿರಿನಲ್ಲಿ ಹೇಳಬೇಕು.

ಗರ್ಭಕೋಶದಲ್ಲಿ ಬೆಳೆಯುವ ಗಡ್ಡೆಗಳನ್ನು (ಫೈಬ್ರಾಯ್ಡ್) ಉಣ್ಣೆಯಲ್ಲಿ ಉಂಡೆ ಕಟ್ಟಿದೆವು: ಕಡಲೆಕಾಳಿನದು, ನಿಂಬೆಹಣ್ಣಿನದು, ಮೋಸಂಬಿಯದು. ಗಾತ್ರಕ್ಕಿಂತ ಜಾಗ ಮುಖ್ಯ ಎಂಬುದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕಡಲೆಕಾಳನ್ನು ಲೈನಿಂಗ್ ಅಡಿ ತೂರಿಸಿ ಮಾದರಿ ಮುಚ್ಚಲು ಹೇಳಿ: ಬಟನ್ ಸರಿಯಾಗಿ ಕೂರುವುದಿಲ್ಲ, ಒಳಗೆ ಏನೋ ಒತ್ತುತ್ತದೆ. ಇಷ್ಟು ಚಿಕ್ಕದೂ ಧಾರಾಕಾರ ಹರಿಸಬಲ್ಲದು. ನಿಂಬೆಗಾತ್ರದ್ದನ್ನು ಹೊರಮೈಗೆ ಪಿನ್ ಮಾಡಿ: ಮಾದರಿ ಆರಾಮಾಗಿ ಮುಚ್ಚುತ್ತದೆ. ಇಂಥ ಗಡ್ಡೆ ಎಷ್ಟೋ ಜನರಿಗೆ ಗೊತ್ತೇ ಆಗದೆ ಇದ್ದುಬಿಡುತ್ತದೆ. ಮೋಸಂಬಿ ಮುಂದಕ್ಕೆ ಬಂದರೆ ಮೂತ್ರಚೀಲ ಒತ್ತುತ್ತದೆ, ಹಿಂದಕ್ಕೆ ಹೋದರೆ ಮಲದ ದಾರಿ. ಈ ಗಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ, ಮುಟ್ಟು ಪೂರ್ತಿ ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಮಾತ್ರೆ, ಹಾರ್ಮೋನು ಬಿಡುವ ಕಾಪರ್-ಟಿ ಮಾದರಿಯ ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇವೆಲ್ಲ ಉಂಟು. ಚೀಲ ತೆಗೆಯುವುದು ಬೇಕೇ ಬೇಕಾದ ಸಂದರ್ಭಗಳೂ ಉಂಟು. ಅದನ್ನು ಮುಚ್ಚಿಟ್ಟು "ತೆಗೆಸಲೇಬೇಡಿ" ಎಂದು ಸಾರುವುದು ಇನ್ನೊಂದು ಬಗೆಯ ಮೋಸ.

ಜಾರಿದ ಗರ್ಭಕೋಶಕ್ಕೆ ಲಂಗದ ಲಾಡಿಗಿಂತ ಒಳ್ಳೆಯ ಉಪಮೆ ಸಿಗಲಿಲ್ಲ. ಮಾದರಿಯ ಎರಡೂ ಪಕ್ಕದಿಂದ ಲಾಡಿ ಹೊರಡಿಸಿ ಕೌದಿಗೆ ಕಟ್ಟಬೇಕು, ಅಡಿಗೆ ಜೋಳಿಗೆಯಂತೆ ಒಂದು ಪಟ್ಟಿ. ಹೊಸ ಲಾಡಿಯಲ್ಲಿ ಮಾದರಿ ನಿಲ್ಲುತ್ತದೆ. ಅದರ ಜಾಗದಲ್ಲಿ ಸಡಿಲಾದ ಹಳೇ ಎಲಾಸ್ಟಿಕ್ ಕಟ್ಟಿ, ಜೋಳಿಗೆಯನ್ನೂ ಬಿಟ್ಟರೆ 60 ಗ್ರಾಂ ಭಾರಕ್ಕೇ ಕೆಳಗಿಳಿಯುತ್ತದೆ. ಮೇಲಿಂದ ಮೇಲೆ ಹೆರಿಗೆ, ತಾಸುಗಟ್ಟಲೆ ಮುಕ್ಕಿದ್ದು, ಬಾಣಂತನ ಮುಗಿಯುವ ಮೊದಲೇ ತುಂಬಿದ ಕೊಡ ಹೊತ್ತದ್ದು, ಬಿಡದ ಕೆಮ್ಮು, ಮಲಬದ್ಧತೆ: ಲಾಡಿ ಸವೆಯುವ ಕಾರಣಗಳು ಇವು. ಆಪರೇಷನ್ ಬೇಡವೆನ್ನುವವರಿಗೆ ಒಳಗೆ ಇಡುವ ಸಿಲಿಕೋನ್ ಬಳೆಯ ಅಳತೆ ತೋರಿಸಲು ಎರಡೆಂಟರ ರಬ್ಬರ್ ಬಳೆ ಸಾಕಾಗುತ್ತದೆ. ಅದನ್ನು ಡಾಕ್ಟರು ಅಳತೆ ನೋಡಿ ಇಡುವುದು, ಮನೆಯ ಬಳೆ ಅಲ್ಲ ಎಂದು ಎರಡು ಸಲ ಹೇಳಬೇಕು. ಅತಿಯಾದ ಎಚ್ಚರ ಎನಿಸಬಹುದು, ಆದರೂ ಹೇಳಬೇಕು.

ಇವೆಲ್ಲವೂ ಕೂರುವ ಕೌದಿ ಏಪ್ರನ್ನಿನಂಥದ್ದು: ಎರಡಡಿ ಅಗಲ, ಎರಡೂವರೆ ಅಡಿ ಉದ್ದ, ಸೊಂಟಕ್ಕೂ ಕೊರಳಿಗೂ ಲಾಡಿ. ಬಟ್ಟೆ ಗೋಧಿ ಬಣ್ಣದ್ದೋ ಕಂದು ಬಣ್ಣದ್ದೋ ಆಗಲಿ; ಚಾರ್ಟಿನ ಗುಲಾಬಿ ಮೈ ನಮ್ಮಲ್ಲಿ ಯಾರದ್ದೂ ಅಲ್ಲ. ಗರ್ಭಕೋಶದ ಜೇಬು ಹೊಕ್ಕುಳ ಹತ್ತಿರ ಬರಬಾರದು. ಕಿಬ್ಬೊಟ್ಟೆಯ ಕೆಳಗೆ, ಗುಪ್ತಾಂಗದ ಮೇಲಿನ ಎಲುಬಿನ ಹಿಂದೆ ಅದರ ಜಾಗ. ಮುಂದೆ ಮೂತ್ರಚೀಲದ ಜೇಬು, ಹಿಂದೆ ಮಲದ ದಾರಿಯದ್ದು. ಬಸುರಾದಾಗ 12 ವಾರಕ್ಕೆ ಆ ಎಲುಬಿನ ಮೇಲೆ ಕೈಗೆ ಸಿಗುತ್ತದೆ, 20 ವಾರಕ್ಕೆ ಹೊಕ್ಕುಳ ಮಟ್ಟ. ಇವೆರಡು ಗುರುತನ್ನು ದಾರದಲ್ಲಿ ಎಳೆದಿಟ್ಟರೆ ಸಾಕು. ಸಂಡೂರಿನ ಲಂಬಾಣಿ ಕಸೂತಿ ಬಲ್ಲ ಕೈಗಳಿದ್ದರೆ ಅಂಚಿಗೆ ಅದೇ ಇರಲಿ, ಆದರೆ ಅಂಗಗಳ ಮೇಲೆ ಕನ್ನಡಿ, ಕವಡೆ ಬೇಡ. ಚೆಂದ ಹೆಚ್ಚಾದರೆ ಮುಟ್ಟಲು ಹಿಂಜರಿಯುತ್ತಾರೆ, ಗೋಡೆಗೆ ತೂಗುಹಾಕಲು ಕೇಳುತ್ತಾರೆ. ಪೇಟೆಯ ಪ್ರದರ್ಶನಕ್ಕೆ ಹೋಗಿ ಗಾಜಿನ ಹಿಂದೆ ಕೂತ ಕೌದಿಯಿಂದ ತಾಂಡಾಕ್ಕೆ ಏನೂ ದಕ್ಕುವುದಿಲ್ಲ. ಕಸೂತಿ ಮಾಡಿದವರಿಗೆ ದಿನಗೂಲಿ ಲೆಕ್ಕದಲ್ಲೇ ದುಡ್ಡು ಕೊಡಬೇಕು. ಜಾಗೃತಿ ಕೆಲಸ ಎಂದು ಪುಕ್ಕಟೆ ಹೊಲಿಸಿಕೊಳ್ಳುವುದು ಸಲ್ಲ.

ಕೂರಿಸುವ ಜಾಗದಲ್ಲೇ ಅರ್ಧ ಸೋಲು ಗೆಲುವು. ಗುಡಿಯ ಸಭಾಮಂಟಪ ಸುಲಭವಾಗಿ ಸಿಗುತ್ತದೆ, ನೆರಳಿರುತ್ತದೆ; ಆದರೆ ಅಂದು "ಹೊರಗಾದವರು" ಅಲ್ಲಿಗೆ ಬರುವುದೇ ಇಲ್ಲ. ಅಂಗನವಾಡಿ ಅಥವಾ ಯಾರದಾದರೂ ಪಡಸಾಲೆ ಒಳ್ಳೆಯದು, ದೇವರ ಜಗಲಿಗೆ ದೂರವಾಗಿ. ಹನ್ನೆರಡರಿಂದ ಹದಿನೈದು ಜನ, ಮಧ್ಯಾಹ್ನ ಎರಡರ ಮೇಲೆ, ಒಂದೂವರೆ ತಾಸು. ತೊಗರಿ ಕೊಯ್ಲಿನ ದಿನಗಳಲ್ಲಿ ಯಾರೂ ಬರುವುದಿಲ್ಲ. ಅಂಗಳದಲ್ಲಿ ರಂಗೋಲಿಯಿಂದ ಮೈಯ ಚಿತ್ರ ಬಿಡಿಸುವ ಪದ್ಧತಿ ಕೆಲವೆಡೆ ಉಂಟು, ಆದರೆ ಮುಟ್ಟಾದವರು ರಂಗೋಲಿ ಹಾಕಬಾರದೆನ್ನುವ ಮನೆಗಳಲ್ಲಿ ಅದು ಅವರನ್ನು ಮತ್ತೆ ಹೊರಗಿಡುತ್ತದೆ. ಸುಣ್ಣದ ಬಳಪ ಆದೀತು.

ಮೊದಲು ಮಾತು ತೆಗೆಯಬಾರದು, ಸೂಜಿ ಕೊಡಬೇಕು. ಒಬ್ಬೊಬ್ಬರಿಗೂ ಅಂಗೈಯಗಲದ ತುಂಡು, ಕೌದಿ ಹೊಲಿಗೆ. ಕೈ ಕೆಲಸದಲ್ಲಿದ್ದು ಕಣ್ಣು ಕೆಳಗಿದ್ದಾಗ ಹತ್ತು ನಿಮಿಷದಲ್ಲಿ ನಾಲಗೆ ಸಡಿಲಾಗುತ್ತದೆ. ಆಮೇಲೆ ಮುಟ್ಟಿಗೆ ಯಾರ ಮನೆಯಲ್ಲಿ ಏನೆನ್ನುತ್ತಾರೆ ಎಂಬ ಪ್ರಶ್ನೆ. ಹೊರಗಾಗಿದೆ, ಕಾಗೆ ಮುಟ್ಟಿದೆ, ತಿಂಗಳದ್ದು, ಡೇಟು ಒಂದೊಂದಾಗಿ ಬರುತ್ತವೆ. ತಿದ್ದಲು ಹೋಗಬಾರದು; "ಋತುಸ್ರಾವ ಅನ್ನಿ" ಎಂದರೆ ಮತ್ತೆ ಬಾಯಿ ಮುಚ್ಚುತ್ತಾರೆ. ನಗು ಎದ್ದರೆ ಏಳಲಿ. ಮುಚ್ಚಿದ ಮಾದರಿಯನ್ನು ಹೆಸರು ಹೇಳದೆ ಸುತ್ತು ಕಳಿಸಬೇಕು. "ಇಷ್ಟಾ ಸಣ್ಣದೇನ್ರಿ ಇದು?" ಎಂಬ ಮಾತು ಬಂದ ಮೇಲೆ ಬಿಚ್ಚಿ ತೋರಿಸುವುದು. ಮುಟ್ಟಲು ಒಲ್ಲದವರ ಮಡಿಲಿಗೆ ಒತ್ತಾಯದಿಂದ ಹಾಕಬಾರದು, ಮಾದರಿ ಎರಡನೆಯ ಸುತ್ತಿಗೆ ಮತ್ತೆ ಅವರ ಮುಂದೆ ಬರುತ್ತದೆ.

ಹೋಗುವ ರಕ್ತದ ಲೆಕ್ಕಕ್ಕೆ ಕುಂಕುಮದ ನೀರು ಬೇಡವೇ ಬೇಡ. ಇಡೀ ಸಭೆ ಎದ್ದು ಹೋದೀತು. ಬೀಟ್‌ರೂಟ್ ನೀರು, ಕೆಮ್ಮಿನ ಔಷಧಿಯ 10 ಮಿ.ಲೀ. ಮುಚ್ಚಳ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30-40 ಮಿ.ಲೀ., ಅಂದರೆ ಮೂರು ನಾಲ್ಕು ಮುಚ್ಚಳ. ಎಂಟು ಮುಚ್ಚಳ ದಾಟಿದರೆ ಅತಿಸ್ರಾವ. ಬಟ್ಟೆಯ ಮೇಲೆ ಕಾಣುವುದು ಇದಕ್ಕಿಂತ ಹೆಚ್ಚು, ಏಕೆಂದರೆ ಅದರಲ್ಲಿ ರಕ್ತವಲ್ಲದ ದ್ರವವೂ ಇದೆ. ಮನೆಯಲ್ಲಿ ಯಾರೂ ಅಳೆಯುವುದಿಲ್ಲವಾದ್ದರಿಂದ ಗುರುತುಗಳೇ ಉಪಯೋಗ: ಗಂಟೆಗೊಂದರಂತೆ ಪ್ಯಾಡು ತೋಯುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು, ಏಳು ದಿನ ದಾಟುವುದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಡಮಾಡದೆ ಆಸ್ಪತ್ರೆಗೆ.

ಇಷ್ಟು ಹೇಳಿದ ಮೇಲೆ ಒಬ್ಬರಾದರೂ ಪಕ್ಕಕ್ಕೆ ಕರೆಯುತ್ತಾರೆ. ಮಾದರಿ ಹೊಲಿದವರು ಡಾಕ್ಟರಲ್ಲ, ರೋಗದ ಹೆಸರು ಹೇಳಬಾರದು. ಆಶಾ ಕಾರ್ಯಕರ್ತೆ ಅಲ್ಲೇ ಇದ್ದರೆ ಯಾವ ದಿನ ಯಾವ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಸಿಗುತ್ತಾರೆಂದು ಚೀಟಿ ಬರೆದುಕೊಡಬಹುದು. ಊರಿನವರೇ ಆದ ಆಶಾ ಮುಂದೆ ಬಾಯಿ ಬಿಡದವರೂ ಇರುತ್ತಾರೆ, ಅವರಿಗೆ ಖಾಲಿ ಚೀಟಿಯೇ ಸಾಕು. ಮೊಬೈಲು ಹೊರಗೆ ತೆಗೆಯುವಂತಿಲ್ಲ, ನಮ್ಮದೂ ಸೇರಿ. ಗಂಡಸರಿಗೆ ಬೇರೆ ದಿನ, ಇದೇ ಕೌದಿ, ಅರ್ಧ ತಾಸು: ಆಪರೇಷನ್ ದುಡ್ಡು ಹೊಂದಿಸುವವರು, ಎಷ್ಟೋ ಕಡೆ ಕಾಗದಕ್ಕೆ ಸಹಿ ಹಾಕುವವರೂ ಅವರೇ. ಅವರು ಹೆಚ್ಚು ಕೇಳುವುದು ಬಟನ್ ಕಳಚುವ ಭಾಗದ ಬಗ್ಗೆ.

ಮುಗಿದ ಮೇಲೆ ಸೂಜಿ ಎಣಿಸಬೇಕು, ಹದಿನೈದು ಕೊಟ್ಟರೆ ಹದಿನೈದು ವಾಪಸು. ಅಂಗನವಾಡಿಯ ಚಾಪೆಯಲ್ಲಿ ಮರುದಿನ ಮಕ್ಕಳು ಕೂರುತ್ತಾರೆ. ನಾಲ್ಕೈದು ಸಭೆಗೊಮ್ಮೆ ಮರಳಿನ ಪೊಟ್ಟಣ ತೆಗೆದು ಮಾದರಿಯನ್ನು ತಣ್ಣೀರಿನಲ್ಲಿ ಒಗೆಯಬೇಕು. ಬಿಸಿನೀರಿಗೆ ವೆಲ್ವೆಟ್ ಮುದುಡುತ್ತದೆ. ಪೊಟ್ಟಣ ತೆಗೆಯದೆ ನೆನೆಸಿದರೆ ಮರಳು ಎರಡು ದಿನವಾದರೂ ಆರುವುದಿಲ್ಲ, ಮುಗ್ಗುಲು ವಾಸನೆ ಹಿಡಿಯುತ್ತದೆ. ಮೊದಲು ಸವೆಯುವುದು ಅಂಡಾಶಯದ ಟಿಚ್ ಬಟನ್. ಒಂದು ಡಜನ್ ಹೆಚ್ಚಿಗೆ ಇಟ್ಟುಕೊಂಡಿರಬೇಕು. ಒಣಗಿಸುವುದು ಮಾತ್ರ ಅಂಗಳದ ತಂತಿಯ ಮೇಲೆ, ಬಿಸಿಲಿಗೆ, ಮೇಲೆ ಏನನ್ನೂ ಮುಚ್ಚದೆ.